ಸುರಕ್ಷತೆಗೂ ತೂಕವಿದೆ

ಗಲ್ಫಿನಿಂದ ರಜೆಗೆ ಬಂದ ಮಗ ಮರಳಿ ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ತೂಗುತ್ತೀರಿ. ಎರಡು ಕಿಲೋ ಹೆಚ್ಚಾಯಿತೆಂದರೆ ಯಾವುದನ್ನು ತೆಗೆಯುವುದೆಂಬ ಚರ್ಚೆ. ಅಷ್ಟು ದೊಡ್ಡ ವಿಮಾನಕ್ಕೆ ಎರಡು ಕಿಲೋ ಏನು ಮಹಾ ಎಂದು ನಿಮಗೆ ಅನ್ನಿಸಿರಲೂಬಹುದು. ನೂರಾರು ಜನರನ್ನು ಹೊತ್ತೊಯ್ಯುವ ವಿಮಾನದಲ್ಲಿ ಅದು ಹೆಚ್ಚಾಗಿ ಹಣದ ಲೆಕ್ಕ. ಆದರೆ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ ತೂಕವೆಂದರೆ ಪ್ರಾಣದ ಲೆಕ್ಕ. ಅದರಲ್ಲೂ ಚಳಿದೇಶಗಳಲ್ಲಿ ಹಾರುವ ಸಣ್ಣ ವಿಮಾನವು ಮಂಜುಗಡ್ಡೆಯಿಂದ ತನ್ನನ್ನು ಕಾಪಾಡಿಕೊಳ್ಳಲು ತೂಕದ ರೂಪದಲ್ಲಿ ತೆರುವ ಬೆಲೆ ಎಷ್ಟು? ಈ ಸಲ ಅದನ್ನು ನೋಡೋಣ.

ಪ್ರತಿಯೊಂದು ವಿಮಾನಕ್ಕೂ ಇಷ್ಟಕ್ಕಿಂತ ಹೆಚ್ಚು ತೂಕದೊಂದಿಗೆ ನೆಲ ಬಿಡಬಾರದೆಂಬ ಮಿತಿಯಿದೆ. ಆ ಮಿತಿಯಿಂದ ಖಾಲಿ ವಿಮಾನದ ತೂಕವನ್ನು ಕಳೆದರೆ ಉಳಿಯುವುದೇ ಉಪಯುಕ್ತ ಭಾರ. ಪೈಲಟ್, ಪ್ರಯಾಣಿಕರು, ಬ್ಯಾಗು, ಇಂಧನ ಎಲ್ಲವೂ ಇದರೊಳಗೇ ಹಿಡಿಸಬೇಕು. ಸಂಬಳದಲ್ಲಿ ಮನೆ ಬಾಡಿಗೆ, ಸಾಲದ ಕಂತು ಕಳೆದು ಕೈಯಲ್ಲಿ ಉಳಿಯುವ ಹಣವಿದ್ದ ಹಾಗೆ.

ಇನ್ನು ಮಂಜುಗಡ್ಡೆಯ ವಿಷಯ. ಮೋಡದೊಳಗಿನ ನೀರಿನ ಹನಿಗಳು ಸೊನ್ನೆ ಡಿಗ್ರಿಗಿಂತ ತಣ್ಣಗಾದ ಮೇಲೂ ಹೆಪ್ಪುಗಟ್ಟದೆ ಉಳಿಯಬಲ್ಲವು. ವಿಮಾನಕ್ಕೆ ತಾಗಿದೊಡನೆ ಅವು ರೆಕ್ಕೆಯ ಮುಂದಂಚಿನಲ್ಲಿ, ಬಾಲದಲ್ಲಿ, ಪ್ರೊಪೆಲ್ಲರ್ ಮೇಲೆ ಗಡ್ಡೆಯಾಗಿ ಅಂಟಿಕೊಳ್ಳುತ್ತವೆ. ನಮ್ಮ ನಾಡಿನಲ್ಲಿ ಸುಮಾರು 5 ಸಾವಿರ ಮೀಟರ್ ಏರಿದ ಮೇಲೆಯೇ ಅಂತಹ ಚಳಿ ಸಿಗುವುದರಿಂದ ಸಣ್ಣ ವಿಮಾನಗಳಿಗೆ ಈ ಕಾಟ ಕಡಿಮೆ. ಅಮೆರಿಕ, ಕೆನಡಾದ ಚಳಿಗಾಲದಲ್ಲಿ ಅದು ನೆಲದ ಹತ್ತಿರವೇ ಕಾದಿರುತ್ತದೆ.

ಗಡ್ಡೆಯ ಭಾರಕ್ಕೆ ವಿಮಾನ ಕುಸಿಯುತ್ತದೆಂದು ನೀವು ಭಾವಿಸಬಹುದು. ಭಾರಕ್ಕಿಂತ ದೊಡ್ಡ ಅಪಾಯ ಅದರ ಒರಟುತನ. ನುಣುಪಾದ ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿದರೆ ಮಾತ್ರ ವಿಮಾನ ಮೇಲಿರುತ್ತದೆ. ಮರಳು ಕಾಗದದಂತಹ ಒರಟು ಪದರವೊಂದು ರೆಕ್ಕೆಯ ಎತ್ತುವ ಬಲವನ್ನು ಶೇ. 30ರಷ್ಟು ಕುಗ್ಗಿಸಿ, ಗಾಳಿಯ ತಡೆಯನ್ನು ಶೇ. 40ರವರೆಗೆ ಹೆಚ್ಚಿಸಬಲ್ಲದೆಂದು ಅಮೆರಿಕದ ವಿಮಾನಯಾನ ಆಡಳಿತವು ಪೈಲಟ್‌ಗಳನ್ನು ಎಚ್ಚರಿಸುತ್ತದೆ.

ದೊಡ್ಡ ಜೆಟ್ ವಿಮಾನಗಳು ಎಂಜಿನ್ನಿನ ಬಿಸಿಗಾಳಿಯನ್ನೇ ರೆಕ್ಕೆಯೊಳಗೆ ಹಾಯಿಸಿಕೊಳ್ಳುತ್ತವೆ. ಸಣ್ಣ ಪಿಸ್ಟನ್ ಎಂಜಿನ್ನಿಗೆ ಆ ಸಾಮರ್ಥ್ಯವಿಲ್ಲ. ಹಾಗಾಗಿ ಅವುಗಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ರೆಕ್ಕೆಯ ಮುಂದಂಚಿಗೆ ಅಂಟಿಸಿದ ರಬ್ಬರ್ ಚೀಲ. ಗಾಳಿ ತುಂಬಿದಾಗ ಅದು ಉಬ್ಬಿ, ಕೂತ ಗಡ್ಡೆಯನ್ನು ಒಡೆದು ಹಾಕುತ್ತದೆ. ಇನ್ನೊಂದು, ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಟಿಕೆಎಸ್ ವಿಧಾನ. ಇದರಲ್ಲಿ ಮುಂದಂಚಿನ ಟೈಟಾನಿಯಂ ತಗಡಿನಲ್ಲಿ ಲೇಸರ್‌ನಿಂದ ಕೊರೆದ ಸಾವಿರಾರು ಸೂಕ್ಷ್ಮ ರಂಧ್ರಗಳಿರುತ್ತವೆ. ಅವುಗಳ ಮೂಲಕ ಗ್ಲೈಕಾಲ್ ದ್ರವ ಬೆವರಿನಂತೆ ಒಸರಿ ರೆಕ್ಕೆಯನ್ನು ತೋಯಿಸುತ್ತದೆ, ಗಡ್ಡೆ ಅಂಟಿಕೊಳ್ಳುವುದಿಲ್ಲ. ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟ್‌ನಲ್ಲಿರುವುದೂ ಗ್ಲೈಕಾಲೇ.

ಎರಡಕ್ಕೂ ತೂಕವಿದೆ. ರಬ್ಬರ್ ಚೀಲದ ತೂಕ ಸದಾ ವಿಮಾನದ ಮೇಲೇ ಇರುತ್ತದೆ, ಆದರೆ ಅದು ಖರ್ಚಾಗಿ ಮುಗಿಯುವಂಥದ್ದಲ್ಲ. ದ್ರವದ ವಿಧಾನದಲ್ಲಿ ಟ್ಯಾಂಕ್, ಪಂಪ್, ಕೊಳವೆಗಳ ತೂಕ ಕಾಯಂ ಆಗಿ ಖಾಲಿ ವಿಮಾನಕ್ಕೆ ಸೇರುತ್ತದೆ. ಕಡು ಬೇಸಿಗೆಯ ದಿನವೂ ಉಪಯುಕ್ತ ಭಾರದಲ್ಲಿ ಅಷ್ಟು ಕಡಿತ. ಅದರ ಮೇಲೆ ದ್ರವದ ತೂಕ ಬೇರೆ.

ಒಂದು ನಿಜವಾದ ವಿಮಾನವನ್ನೇ ತೆಗೆದುಕೊಳ್ಳೋಣ. ಅಮೆರಿಕದ ಸುಪೀರಿಯರ್ ಸರೋವರದ ದಡದಲ್ಲಿ ಡುಲೂತ್ ಎಂಬ ಚಳಿಯೂರಿದೆ. ಸಿರಸ್ ಕಂಪೆನಿಯ ಎಸ್‌ಆರ್22 ಎಂಬ ಒಂದೇ ಎಂಜಿನ್ನಿನ ಸಣ್ಣ ವಿಮಾನ ತಯಾರಾಗುವುದು ಅಲ್ಲಿ. 2009ರಲ್ಲಿ ಇದರ ಟಿಕೆಎಸ್ ವ್ಯವಸ್ಥೆಗೆ ಮಂಜುಗಡ್ಡೆಯ ಮೋಡಗಳಲ್ಲಿ ಹಾರಲು ಅನುಮತಿ ದೊರೆಯಿತು. ಬಳಕೆಗೆ ಸಿಗುವ ದ್ರವ ಸುಮಾರು 30 ಲೀಟರ್. ಲೀಟರಿಗೆ 1.1 ಕಿಲೋದಂತೆ 33 ಕಿಲೋ.

ಆಗ ಆ ವಿಮಾನದ ಗರಿಷ್ಠ ತೂಕದ ಮಿತಿ 1,542 ಕಿಲೋ. ಖಾಲಿ ತೂಕ ಕಳೆದು 450 ಕಿಲೋ ಉಳಿಯಿತೆಂದು ಹಿಡಿಯೋಣ. ಟ್ಯಾಂಕ್ ಭರ್ತಿ ಇಂಧನಕ್ಕೆ ಸುಮಾರು 250 ಕಿಲೋ ಹೋಯಿತು. ಉಳಿದದ್ದು 200. ಗಂಡ 75, ಹೆಂಡತಿ 70 ಕಿಲೋ ಎಂದರೆ 55 ಉಳಿಯಿತು. 30 ಕಿಲೋದ ಮಗುವನ್ನು ಕೂರಿಸಿದರೂ ಬ್ಯಾಗುಗಳಿಗೆ 25 ಕಿಲೋ ಮಿಕ್ಕಿತು. ಈಗ 33 ಕಿಲೋ ದ್ರವ ತುಂಬಿ ನೋಡಿ. ಬ್ಯಾಗುಗಳನ್ನು ಬಿಟ್ಟರೂ ಲೆಕ್ಕ 8 ಕಿಲೋ ಮೀರಿತು! ಸೀಟು ನಾಲ್ಕಿದ್ದರೂ ಮೂರನೆಯವರಿಗೇ ಜಾಗವಿಲ್ಲ.

ಏನು ಮಾಡಬಹುದು? ಇಂಧನ ಕಡಿಮೆ ಮಾಡೋಣವೆಂದರೆ, 33 ಕಿಲೋ ಎಂದರೆ ಸುಮಾರು 46 ಲೀಟರ್, ಅಂದರೆ ಮುಕ್ಕಾಲು ಗಂಟೆಯ ಹಾರಾಟ. ಹವೆ ಕೆಟ್ಟ ದಿನ ಬೇರೆ ನಿಲ್ದಾಣಕ್ಕೆ ತಿರುಗಬೇಕಾಗಿ ಬಂದರೆ ಆ ಇಂಧನವೇ ಆಸರೆ. ದ್ರವ ಕಡಿಮೆ ಮಾಡೋಣವೆಂದರೆ, ಕನಿಷ್ಠ 19 ಲೀಟರ್ ಇಲ್ಲದೆ ಅಂತಹ ಮೋಡಗಳತ್ತ ಹೊರಡುವಂತಿಲ್ಲ. 30 ಲೀಟರ್ ದ್ರವ ಸಾಧಾರಣ ಹರಿವಿನಲ್ಲಿ ಎರಡೂವರೆ ಗಂಟೆ ಬರುತ್ತದೆ. ಗಡ್ಡೆ ಜೋರಾಗಿ ಕಟ್ಟಿ ಪೂರ್ಣ ಹರಿವು ಬಿಟ್ಟರೆ ನಲವತ್ತು ನಿಮಿಷವೂ ಬಾರದು.

‘ಎಂಟು ಕಿಲೋ ತಾನೇ, ಹಾರಿಬಿಡೋಣ’ ಎನ್ನುವವರೂ ಇದ್ದಾರೆ. ಅದೇ ಅತ್ಯಂತ ಕೆಟ್ಟ ದಾರಿ. ತೂಕ ಹೆಚ್ಚಿದಷ್ಟೂ ವಿಮಾನ ನಿಧಾನವಾಗಿ ಮೇಲೇರುತ್ತದೆ. ಗಡ್ಡೆ ಕಟ್ಟುವ ಮೋಡದಿಂದ ಪಾರಾಗಲು ಹೆಚ್ಚಾಗಿ ಬೇಕಾಗುವುದು ಬೇಗ ಮೇಲೇರುವ ಶಕ್ತಿಯೇ. ಮಂಜಿನಿಂದ ಕಾಯಲೆಂದು ಹಾಕಿಸಿದ ಸಾಧನದ ತೂಕವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಸಾಧನವೇ ಅಪಾಯವನ್ನು ಹೆಚ್ಚಿಸೀತು. ಈ ಇಕ್ಕಟ್ಟು ಕಂಪೆನಿಗೂ ತಿಳಿದಿತ್ತು. 2013ರ ಮಾದರಿಯಲ್ಲಿ ತೂಕದ ಮಿತಿಯನ್ನು ಸುಮಾರು 90 ಕಿಲೋ ಏರಿಸಲಾಯಿತು. ಮಿತಿ ಏರಿತೇ ಹೊರತು ಲೆಕ್ಕ ಹಾಕುವ ಹೊಣೆ ತಪ್ಪಲಿಲ್ಲ.

ಇಷ್ಟೆಲ್ಲ ತೂಕ ಹೊತ್ತು ಹಾರಿದ ಮೇಲೆ ಯಾವ ಮೋಡವಾದರೂ ಸರಿಯೇ? ಅಲ್ಲ. 1994ರ ಅಕ್ಟೋಬರ್ 31ರಂದು ಅಮೆರಿಕದ ರೋಸ್‌ಲಾನ್ ಬಳಿ ಎಟಿಆರ್ 72 ವಿಮಾನ ಬಿದ್ದು 68 ಮಂದಿಯೂ ಅಸುನೀಗಿದರು. ಅದು ಸಿರಸ್‌ಗಿಂತ ಬಹಳ ದೊಡ್ಡದು. ರೆಕ್ಕೆಗೆ ರಬ್ಬರ್ ಚೀಲಗಳಿದ್ದವು, ಕೆಲಸವನ್ನೂ ಮಾಡುತ್ತಿದ್ದವು. ಆದರೆ ಮೋಡದ ಹನಿಗಳು ಎಂದಿಗಿಂತ ದಪ್ಪವಾಗಿದ್ದವು. ಹಿಂದಕ್ಕೆ ಹರಿದು ಚೀಲ ಮುಗಿಯುವಲ್ಲಿ ಗಡ್ಡೆ ಕಟ್ಟಿದವು. ಆ ದುರಂತದ ನಂತರ ಚೀಲಗಳನ್ನು ಇನ್ನಷ್ಟು ಅಗಲ ಮಾಡಲಾಯಿತು. ಇಂತಹ ಸಾಧನಗಳು ಪೈಲಟ್‌ಗೆ ಪಾರಾಗಲು ಸಮಯ ಕೊಡುತ್ತವೆ. ಅಲ್ಲೇ ಉಳಿಯಲು ಪರವಾನಗಿ ಕೊಡುವುದಿಲ್ಲ.

ಮೇಲಿನ ಕುಟುಂಬಕ್ಕೆ ನೇರವಾದ ದಾರಿ ಒಂದಿದೆ. ಆ ದಿನ ರಸ್ತೆಯಲ್ಲಿ ಹೋಗುವುದು, ಇಲ್ಲವೇ ಮೋಡ ಸರಿಯುವ ತನಕ ಕಾಯುವುದು. ಮದುವೆಗೋ ಹಬ್ಬಕ್ಕೋ ಒಂದು ದಿನ ತಡವಾದೀತು, ಅಷ್ಟೇ.

ಇನ್ನೊಂದು ಮಾತು. ನಿಮ್ಮ ಮಕ್ಕಳೋ ಬಂಧುಗಳೋ ಹೊರದೇಶದಲ್ಲಿದ್ದು, ನೀವು ಎಂದಾದರೂ ಅಲ್ಲಿ ಇಂತಹ ಪುಟ್ಟ ವಿಮಾನ ಹತ್ತುವ ಸಂದರ್ಭ ಬಂದರೆ, ಪೈಲಟ್ ಮೊದಲು ಕೇಳುವುದು ನಿಮ್ಮ ತೂಕವನ್ನು. ನಾಚಿಕೊಂಡು ಐದು ಕಿಲೋ ಕಡಿಮೆ ಹೇಳಬೇಡಿ. ಕೈಚೀಲ, ಕೋಟು, ಬೂಟು ಎಲ್ಲವನ್ನೂ ಸೇರಿಸಿ ಸರಿಯಾದ ತೂಕ ಹೇಳಿ. ಅವರ ಲೆಕ್ಕ ಸರಿಯಾಗುವುದು ನಿಮ್ಮ ಆ ಒಂದು ನಿಜದಿಂದ.