ಯಾವಾಗ ಬಂದಿ? ಮತ್ತ ಯಾವಾಗ ಹೋಗೂದು?

ನಮ್ ಕಡಿ ಹೊರಗಿನ ಊರಿಂದ ಯಾರರ ಮನಿಗೆ ಬಂದ್ರ ಎರಡು ಪ್ರಶ್ನಿ ಕೇಳ್ತೀವಿ. "ಯಾವಾಗ ಬಂದಿ?" ಅಂತ ಒಂದು. "ಮತ್ತ ಯಾವಾಗ ಹೋಗೂದು?" ಅಂತ ಇನ್ನೊಂದು. ಎರಡೂ ಅಕ್ಕರತಿ ಮಾತು ಅಂತ ನಾನೂ ಇಷ್ಟು ವರ್ಷ ತಿಳಕೊಂಡಿದ್ದೆ. ಹಿಟ್ಟಿನ ಗಿರಣಿಯಾಗ ಪಾಳಿಗೆ ನಿಂತಾಗ, ಮದುವಿ ಮನಿಯಾಗ ಅಕ್ಕಿ ಹಸನ ಮಾಡ್ಕೋತ ಕುಂತಾಗ, ನಾನು ಎಷ್ಟು ಮಂದಿಗೆ ಕೇಳೀನೋ ಲೆಕ್ಕಿಲ್ಲ. ಆ ಎರಡನೇ ಪ್ರಶ್ನಿ ನಾವು ಹೆಣ್ಮಕ್ಕಳು ಇನ್ನ ಮ್ಯಾಲೆ ಬಿಟ್ಟುಬಿಡಬೇಕು ಅಂತ ಹೇಳಾಕ ಇವತ್ತು ಬರಿಯಾಕ ಕುಂತೀನಿ.

ಇದನ್ನ ನನಗ ತಿಳಿಸಿಕೊಟ್ಟಾಂವ ಒಬ್ಬ ಫುಟ್ಬಾಲ್ ಆಡಾಂವ. ನಗಬ್ಯಾಡ್ರಿ. ಫುಟ್ಬಾಲಿನ್ಯಾಗ ಎಷ್ಟು ಮಂದಿ ಆಡ್ತಾರ ಅನ್ನೂದೂ ನನಗ ಗೊತ್ತಿರಲಿಲ್ಲ. ಮನಿಯಾಗ ಬಂದ ಪ್ರಸಂಗ ಅದನ್ನೆಲ್ಲಾ ಕಲಿಸ್ತು.

2024ರ ಸಂಕ್ರಮಣ ಆದ ಮ್ಯಾಲೆ ನಮ್ಮ ಹುಡುಗ ಬೆಂಗಳೂರಿಂದ ರಾತ್ರಿ ಬಸ್ಸಿಗೆ ಸಿಂಧನೂರಿಗೆ ಬಂದ. ಎರಡು ಬ್ಯಾಗು, ಒಂದು ಹಾಸಿಗಿ ಸುರುಳಿ. ಹಾಸಿಗಿ ಸುರುಳಿ ನೋಡಿದ ಕೂಡಲೇ ನನಗ ಎದಿ ಧಸಕ್ ಅಂತು. ಹಬ್ಬಕ್ಕ ಬರೋರು ಹಾಸಿಗಿ ತರೂದಿಲ್ಲ. ಕಂಪನಿಯವ್ರು ಮಂದಿನ್ನ ಕಡಿಮಿ ಮಾಡಿದ್ರು, ಅದರಾಗ ಇಂವನೂ ಹೋದ. ಎರಡು ತಿಂಗಳು ಅಲ್ಲೇ ಬ್ಯಾರೆ ಕೆಲಸ ಹುಡುಕ್ಯಾನ, ಸಿಕ್ಕಿಲ್ಲ, ರೂಮಿನ ಬಾಡಿಗಿ ಕಟ್ಟಾಕ ಆಗಿಲ್ಲ.

ಆವತ್ತು ಮುಂಜಾನೆ ಮಗ್ಗಲ ಮನಿ ಅಕ್ಕ ಕೇಳಿದ್ಲು, "ಯಾವಾಗ ಬಂದ ನಿಮ್ಮ ಹುಡುಗ? ಮತ್ತ ಯಾವಾಗ ಹೋಗೂದು?" ನನ್ನ ಬಾಯಿಂದ ತಟ್ಟನೆ ಸುಳ್ಳು ಬಂತು. "ವರ್ಕ್ ಫ್ರಂ ಹೋಂ ಕೊಟ್ಟಾರ್ರಿ, ಸ್ವಲ್ಪ ದಿನ ಇರ್ತಾನ" ಅಂದೆ. ಆ ಸುಳ್ಳು ಕಾಯಾಕ ಮತ್ತ ಹತ್ತು ಸುಳ್ಳು. ಹಗಲೊತ್ತು ಹೊರಗ ಹೋಗಬ್ಯಾಡೋ, ಮಂದಿ ಕೇಳ್ತಾರ ಅಂತ ಅಂವಗ ಹೇಳಿದೆ. ಯಾರರ ಬಾಗಿಲಿಗೆ ಬಂದ್ರ ಪಾಪ ಲ್ಯಾಪ್‌ಟಾಪ್ ತೆಗೆದು ಕೂಡ್ತಿದ್ದ. ಲಿಂಗಸುಗೂರಾಗ ನನ್ನ ತಂಗಿ ಮನಿ ವಾಸ್ತು ಇತ್ತು, ಎಲ್ಲಾರೂ ಹೋದ್ವಿ, ಅಂವನ್ನ ಬಿಟ್ಟು ಹೋದ್ವಿ. "ಡ್ಯೂಟಿ ಐತಿ" ಅಂತ ಎಲ್ಲಾರ ಮುಂದ ಅಂದೆ. ತಂಗಿ ಹೋಳಿಗಿ ಕಟ್ಟಿ ಕೊಟ್ಲು. ತಂದು ಕೊಟ್ರ ಹುಡುಗ ಮುಟ್ಟಲಿಲ್ಲ. ಕತ್ತಲಾದ ಮ್ಯಾಲೆ ಮಾಳಿಗಿ ಮ್ಯಾಲೆ ಒಬ್ಬನ ಅಡ್ಡಾಡ್ತಿದ್ದ. ಕೆಲಸ ಹೋದದ್ದು ಕಂಪನಿಯಿಂದ, ಆದ್ರ ಅಂವಗ ನಾಚಿಕಿ ಕಲಿಸಿದಾಕಿ ನಾನು.

ಹಿಂಗ ಐದು ತಿಂಗಳು ಹೋತು. ಜೂನ್ 6ಕ್ಕ ಸಂಜಿಮುಂದ ಫೋನಿನ್ಯಾಗ ಮ್ಯಾಚ್ ನೋಡ್ಕೋತ ಕುಂತಿದ್ದ. ಬಾಜೂಕ ಕುಂತು ನಾನು ಹೀರಿಕಾಯಿ ಹೆರೀತಿದ್ದೆ. ಕಲ್ಕತ್ತಾದ ಸಾಲ್ಟ್ ಲೇಕ್ ಮೈದಾನದಾಗ ಭಾರತ, ಕುವೈತ್ ಆಟ. ಒಂದೂ ಗೋಲಿಲ್ಲದ ಸಮ ಆಗಿ ಮುಗೀತು. ಮುಗಿದ ಮ್ಯಾಲೆ ಒಬ್ಬಾಂವ ಮೈದಾನದ ಸುತ್ತ ಅಡ್ಡಾಡಿ ಎಲ್ಲಾರಿಗೂ ಕೈ ಮುಗದ. ಕಣ್ಣಾಗ ನೀರು. ನೋಡಿದ್ರ ನಮ್ಮ ಹುಡುಗನ ಕಣ್ಣಾಗೂ ನೀರು. "ಯಾರೋ ಅಂವ?" ಅಂತ ಕೇಳಿದೆ. ಐದು ತಿಂಗಳಿನ್ಯಾಗ ಮೊದಲನೇ ಸಲ ಅಂವ ನನ್ನ ಕೂಡ ಒಂದು ತಾಸು ಮಾತಾಡಿದ.

ಅಂವ ಸುನಿಲ್ ಛೇತ್ರಿ. ಭಾರತ ತಂಡದ ಕ್ಯಾಪ್ಟನ್, ಫಾರ್ವರ್ಡ್. ಫಾರ್ವರ್ಡ್ ಅಂದ್ರ ಎಲ್ಲಾರಕಿಂತ ಮುಂದ ನಿಂತು ಗೋಲು ಹೊಡಿಯಾಂವ. ಆವತ್ತು ದೇಶಕ್ಕ ಕಡೀ ಆಟ ಅಂತ ಹೇಳಿ ನಿವೃತ್ತಿ ಆದ. ದೇಶದ ಪರವಾಗಿ 151 ಮ್ಯಾಚು, 94 ಗೋಲು. ಜಗತ್ತಿನ್ಯಾಗ ತಮ್ಮ ತಮ್ಮ ದೇಶಕ್ಕ ಇಂವನಕಿಂತ ಹೆಚ್ಚು ಗೋಲು ಹೊಡದೋರು ಮೂರೇ ಮಂದಿ ಗಂಡಸರು: ಪೋರ್ಚುಗಲ್‌ನ ರೊನಾಲ್ಡೊ, ಅರ್ಜೆಂಟೀನಾದ ಮೆಸ್ಸಿ, ಇರಾನಿನ ಅಲಿ ದಾಯಿ. ಹುಟ್ಟಿದ್ದು 1984ರಾಗ ನಮ್ಮ ರಾಯಚೂರಿನ ಆಚೀಕಿನ ಸಿಕಂದರಾಬಾದಿನ್ಯಾಗ. ಅಪ್ಪ ಮಿಲಿಟ್ರಿಯಾಂವ. ಅವ್ವ ಸುಶೀಲಾ, ತನ್ನ ಜೋಡಿ ಹುಟ್ಟಿದ ಅವಳಿ ಅಕ್ಕ-ತಂಗಿ ಕೂಡಿ ನೇಪಾಳದ ಹೆಣ್ಮಕ್ಕಳ ತಂಡದಾಗ ಆಡಿದಾಕಿ. ಮಿಲಿಟ್ರಿ ವರ್ಗಾವಣಿ ಅಂತ ಊರೂರು ಅಡ್ಡಾಡಿ ಬೆಳದ ಹುಡುಗ 2002ರಾಗ ಕಲ್ಕತ್ತಾದ ಮೋಹನ್ ಬಗಾನ್ ಸೇರಿದ. 2005ರಾಗ ಪಾಕಿಸ್ತಾನದ ಕ್ವೆಟ್ಟಾದಾಗ ದೇಶಕ್ಕ ಮೊದಲನೇ ಆಟ ಆಡಿ, ಅದರಾಗೇ ಗೋಲು ಹೊಡದ.

ಇಷ್ಟು ಪೇಪರಿನ್ಯಾಗೂ ಬರ್ತೈತಿ. ನನ್ನ ಹುಡುಗ ಹೇಳಿದ್ದು ನಡುವಿನ ಕತಿ.

2009ರಾಗ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅನ್ನೂ ಕ್ಲಬ್ಬು ಇಂವನ್ನ ತಗೊಂಡಿತ್ತು. ಆದ್ರ ಅಲ್ಲಿ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಜಗತ್ತಿನ ಪಟ್ಟಿಯಾಗ ಭಾರತ ಮೊದಲ 70ರಾಗ ಇಲ್ಲ ಅಂತ ಕಾರಣ. ಇಂವನ ಆಟದಾಗ ಏನೂ ಕಮ್ಮಿ ಇರಲಿಲ್ಲ, ದೇಶದ ನಂಬರು ಕಮ್ಮಿ ಇತ್ತು. 2010ರಾಗ ಅಮೇರಿಕಾದ ಕ್ಯಾನ್ಸಸ್ ಸಿಟಿ ವಿಝರ್ಡ್ಸ್ ಸೇರಿದ. ಊರ ತುಂಬ ಸುದ್ದಿ. ಅಲ್ಲಿಯ ದೊಡ್ಡ ಲೀಗಿನ್ಯಾಗ ಒಂದು ಮ್ಯಾಚೂ ಆಡಾಕ ಸಿಗಲಿಲ್ಲ. ವಾಪಸ್ ಬಂದ. 2012ರಾಗ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೇ ತಂಡಕ್ಕ ಹೋದ. ಬೆರಳೆಣಿಕಿ ಮ್ಯಾಚು ಸಿಕ್ಕವು. 2013ರ ಸುರುವಿಗೆ ಮತ್ತ ವಾಪಸ್ ಬಂದ.

ಮೂರು ಸಲ ದೇಶದ ಹೊರಗಿನ ಬಾಗಿಲು ಬಡದಾನ, ಮೂರು ಸಲಾನೂ ಮನಿಗೇ ಬಂದಾನ. ಅವನ ಅವ್ವಗೂ ಯಾರರ ಬಾಜೂ ಮನಿಯಾಕಿ ಕೇಳಿರಬೇಕು ನೋಡ್ರಿ, "ಮತ್ತ ಯಾವಾಗ ಹೋಗೂದು?"

ಆದ್ರ ವಾಪಸ್ ಬಂದ ಮ್ಯಾಲೆ ಏನಾತು ಕೇಳ್ರಿ. ಅಮೇರಿಕಾದಿಂದ ಬಂದು 2011ರ ಜನವರಿಯಾಗ ಏಷ್ಯಾ ಕಪ್ಪಿನ್ಯಾಗ ಬಹರೇನ್ ಮ್ಯಾಲೆ ಒಂದು, ದಕ್ಷಿಣ ಕೊರಿಯಾ ಮ್ಯಾಲೆ ಒಂದು ಗೋಲು ಹೊಡದ. ಅದ ವರ್ಷ ಡಿಸೆಂಬರಿನ್ಯಾಗ ದಿಲ್ಲಿಯಾಗ ನಡದ ಸ್ಯಾಫ್ ಪಂದ್ಯಾವಳಿಯಾಗ 7 ಗೋಲು ಹೊಡದು ದೇಶ ಗೆಲ್ಲಿಸಿದ. ಪೋರ್ಚುಗಲ್‌ನಿಂದ ಬಂದು ಗೋವಾದ ಚರ್ಚಿಲ್ ಬ್ರದರ್ಸ್ ಸೇರಿದ, ಆ ತಂಡ ಐ-ಲೀಗ್ ಗೆದ್ದಿತು. 2013ರಾಗ ನಮ್ಮ ಬೆಂಗಳೂರಾಗ ಬೆಂಗಳೂರು ಎಫ್‌ಸಿ ಅಂತ ಹೊಸಾ ಕ್ಲಬ್ಬು ಹುಟ್ಟಿತು. ಅದಕ್ಕ ಇಂವ ಕ್ಯಾಪ್ಟನ್. ವಯಸ್ಸು 29ಕ್ಕ ಬಂದಿತ್ತು. ಮೊದಲನೇ ವರ್ಷಾನೇ ಐ-ಲೀಗ್ ಗೆದ್ರು. ಆಮ್ಯಾಲೆ ಇನ್ನೊಮ್ಮೆ ಐ-ಲೀಗ್, ಎರಡು ಸಲ ಫೆಡರೇಶನ್ ಕಪ್, 2018-19ರಾಗ ಐಎಸ್‌ಎಲ್, 2022ರಾಗ ಡುರಾಂಡ್ ಕಪ್. 2019ರಾಗ ಪದ್ಮಶ್ರೀ ಬಂತು, 2021ರಾಗ ಖೇಲ್ ರತ್ನ ಬಂತು. ಅಂವ ದೊಡ್ಡಾಂವ ಆದದ್ದು ಕ್ಯಾನ್ಸಸ್ಸಿನ್ಯಾಗ ಅಲ್ಲ, ವಾಪಸ್ ಬಂದ ಊರಾಗ.

ಇದನ್ನ ನಾನು ಗಿರಣಿಯಾಗ ಹೇಳಿದ್ರ ಒಬ್ಬಾಕಿ ಅಂದ್ಲು, "ಯಕ್ಕಾ, ಅಂವ ಛೇತ್ರಿ. ನಮ್ಮ ಹುಡುಗರು ಛೇತ್ರಿ ಏನು? ವಾಪಸ್ ಬಂದೋರೆಲ್ಲಾ ಪದ್ಮಶ್ರೀ ತಗೋತಾರೇನು?"

ಮಾತು ಖರೇ ಐತಿ. ವಾಪಸ್ ಬಂದೋರೆಲ್ಲಾ ಗೆಲ್ಲೂದಿಲ್ಲ. ನನ್ನ ಹುಡುಗನೂ ಏನೂ ಕಡದು ಕಟ್ಟೆ ಹಾಕಿಲ್ಲ. ಆದ್ರ ಒಂದು ಲಕ್ಷ್ಯ ಇಟ್ಟು ನೋಡ್ರಿ. ಛೇತ್ರಿ ವಾಪಸ್ ಬಂದಾಗ ಅಂವಗ ಇಲ್ಲಿ ಜಾಗ ಸಿಕ್ತು. ಕಲ್ಕತ್ತಾದೋರು ಕೊಟ್ರು, ಗೋವಾದೋರು ಕೊಟ್ರು, ಬೆಂಗಳೂರಿನೋರು ಕೊಟ್ರು. ಒಂದು ಅಂಗಿ ಕೊಟ್ಟು, ಮೈದಾನಕ್ಕ ಇಳಿ ಅಂದ್ರು. ಜಾಗ ಸಿಕ್ಕಿಲ್ಲಂದ್ರ ಎಂಥಾ ಆಟಗಾರಾದ್ರೂ ಮಾಳಿಗಿ ಮ್ಯಾಲೆ ಕತ್ತಲಾಗ ಅಡ್ಡಾಡಬೇಕಾಗ್ತದ. ನಾವು ಪದ್ಮಶ್ರೀ ಕೊಡಾಕ ಆಗೂದಿಲ್ಲ, ಜಾಗ ಕೊಡಾಕ ಆಗ್ತೈತಿ.

ನಮ್ಮ ಸೀಮಿಗೆ ವಾಪಸ್ ಬರೂದು ಹೊಸಾದಲ್ಲ. ಎಡದಂಡಿ ಕಾಲುವಿ ನೀರು ಸಿಂಧನೂರಿನ ಭತ್ತಕ್ಕ ಸಿಗ್ತೈತಿ, ಮಸ್ಕಿ, ಲಿಂಗಸುಗೂರಿನ ಎಷ್ಟೋ ಹಳ್ಳಿಗೆ ಮಳಿನೇ ಗತಿ. ಮಳಿ ಕೈ ಕೊಟ್ರ ಮನಿಗೆ ಬೀಗ ಜಡದು ಬೆಂಗಳೂರಿಗೆ, ಪುಣೆಕ್ಕ ಗುಳೇ ಹೋಗ್ತಾರ. ಹಬ್ಬಕ್ಕ ಬಂದ್ರ ಸಂತೋಷ ಪಡ್ತೀವಿ. 2020ರ ಲಾಕ್‌ಡೌನ್‌ನ್ಯಾಗ ಕೆಲಸ ಕಳಕೊಂಡು ಬಂದ್ರ, ಎಷ್ಟೋ ಊರಾಗ ದಾರಿಗೆ ಮುಳ್ಳುಕಂಟಿ ಬಡದಿದ್ರು. ರೋಗದ ಹೆದರಿಕಿ ಇತ್ತು, ಒಪ್ಪೋಣು. ಹೆದರಿಕಿ ಇಲ್ಲದ ದಿನದಾಗೂ ಬಾಯಿಲೆ ಮುಳ್ಳು ಬಡಿತೀವಲ್ಲ, ಅದಕ್ಕೇನನ್ನೂಣು?

ಇನ್ನೊಂದು ಮಾತು ಹೇಳಲೇಬೇಕು. ಬರಿಯಾಕ ಕೈ ನಡಗ್ತೈತಿ. ಹೆಸರು ಹೇಳೂದಿಲ್ಲ, ನಮ್ಮ ಬಳಗದೋರಿಗೆ ಗೊತ್ತಾಗ್ತೈತಿ. ಕೆಲವು ವರ್ಷದ ಹಿಂದ ನಾನು ಮಸ್ಕಿಗೆ ತವರಿಗೆ ಹೋದಾಗ, ನಮ್ಮ ಬಳಗದ ಒಂದು ಹುಡುಗಿ ಕೂಸಿನ್ನ ಎತ್ಕೊಂಡು ಒಂದು ಚೀಲ ಹಿಡ್ಕೊಂಡು ಗಂಡನ ಮನಿಯಿಂದ ಬಂದಿದ್ಲು. ಮೂರನೇ ದಿನ ರೊಟ್ಟಿ ಬಡಿಕೋತ ನಾನೇ ಕೇಳಿದೆ, "ಯಾವಾಗ ಹೋಗೂದವ್ವಾ? ಅಳಿಯಂದ್ರು ಕರಿಯಾಕ ಬರ್ತಾರೇನು?" ಆ ಹುಡುಗಿ ತಲಿ ಎತ್ತಲಿಲ್ಲ. "ನಾಳೆ ಹೋಗ್ತೀನಿ ದೊಡ್ಡವ್ವಾ" ಅಂದ್ಲು. ಹೇಳಿದಂಗ ಮರುದಿನ ಹೋದ್ಲು. ಎರಡು ವರ್ಷಕ್ಕ ಮತ್ತ ಬಂದ್ಲು, ಕೈಗೆ ಪ್ಲಾಸ್ಟರ್ ಇತ್ತು. ಮೊದಲ ಸಲ ಬಂದಾಗಲೇ ಇರಾಕ ಬಂದಿದ್ಲಂತ. ನಮ್ಮ ಪ್ರಶ್ನಿ ಕೇಳಿ ಹೋದಾಕಿ.

ನನ್ನ ಮಗ ವಾಪಸ್ ಬಂದಾಗ ನನಗ ಈ ಪ್ರಶ್ನಿ ಚುಚ್ಚಿತು. ಆ ಹುಡುಗಿಗೆ ಕೇಳುವಾಗ ಚುಚ್ಚಿರಲಿಲ್ಲ. ಇದನ್ನ ನೆನಸಿಕೊಂಡ್ರ ಈಗೂ ನಿದ್ದಿ ಬರೂದಿಲ್ಲ. ಗಂಡು ಹುಡುಗ ಕೆಲಸ ಬಿಟ್ಟು ಬಂದ್ರ ನಾಚಿಕಿಯಾಗ್ತದ ಅಷ್ಟೇ. ಹೆಣ್ಣು ಹುಡುಗಿ ತವರಿಗೆ ಬಂದಾಗ ಇದನ್ನ ಕೇಳಿದ್ರ ಜೀವಕ್ಕೇ ಕುತ್ತು ಬರಬಹುದು.

2018ರ ಜೂನಿನ್ಯಾಗ ಮುಂಬೈದಾಗ ಭಾರತ ತಂಡ ಆಡಿದಾಗ ಇಂವ ಮೂರು ಗೋಲು ಹೊಡದ್ರೂ ನೋಡಾಕ ಬಂದಿದ್ದು ಎರಡೂವರಿ ಸಾವಿರ ಮಂದಿ. ಮರುದಿನ ಛೇತ್ರಿ ಫೋನಿನ್ಯಾಗ ಒಂದು ವಿಡಿಯೋ ಮಾಡಿ ಬಿಟ್ಟ. ನಮ್ಮನ್ನ ಬೈರಿ, ನಮ್ಮಾಟ ಚೊಲೋ ಇಲ್ಲ ಅನ್ನ್ರಿ, ಆದ್ರ ಮೈದಾನಕ್ಕ ಬಂದು ಅನ್ನ್ರಿ ಅಂತ ಕೈ ಮುಗದು ಕೇಳಿಕೊಂಡ. ಮುಂದಿನ ಆಟಕ್ಕ ಮಳಿಯಾಗೂ ಮೈದಾನ ತುಂಬಿತ್ತು. ಅದು ದೇಶಕ್ಕ ಅವನ ನೂರನೇ ಆಟ. ದೂರ ನಿಂತು ಲೆಕ್ಕ ಹಾಕೂದು ಬ್ಯಾರೆ, ಹತ್ರ ಬಂದು ಕೂಡೂದು ಬ್ಯಾರೆ. ಹತ್ರ ಬಂದು ಬೈದ್ರೂ ನಡೀತೈತಿ.

ನಿವೃತ್ತಿ ಆಗಿ ಒಂಬತ್ತು ತಿಂಗಳಿಗೆ, 2025ರ ಮಾರ್ಚಿನ್ಯಾಗ, ತಂಡಕ್ಕ ಬೇಕಾದಾಗ ಮತ್ತ ಬಂದ, ನಲವತ್ತನೇ ವಯಸ್ಸಿಗೆ. ಶಿಲ್ಲಾಂಗಿನ್ಯಾಗ ಮಾಲ್ದೀವ್ಸ್ ಮ್ಯಾಲೆ ತಲಿಲೆ 95ನೇ ಗೋಲು ಹೊಡದ. ನನ್ನ ಹುಡುಗ "ಅವ್ವಾ, ನೋಡಿಲ್ಲಿ, ಮತ್ತ ವಾಪಸ್ ಬಂದಾನ" ಅಂತ ಅಡಗಿಮನಿಗೆ ಓಡಿಬಂದು ತೋರಿಸಿದ. ಐದಾರು ತಿಂಗಳಿಂದ ಅಂವ ಒಂದು ರೈಸ್ ಮಿಲ್ಲಿನ್ಯಾಗ ಲೆಕ್ಕ ನೋಡ್ತಿದ್ದ. ಬೆಂಗಳೂರಿನ ಪಗಾರದಾಗ ಅರ್ಧನೂ ಇಲ್ಲ. ಆದ್ರ ಹಗಲಿನ್ಯಾಗ ಗಾಡಿ ಹತ್ತಿ, ಓಣಿ ಮಂದಿಗೆಲ್ಲಾ ನಮಸ್ಕಾರ ಅಂದು ಹೋಗ್ತಾನ. ಇಲ್ಲೇ ಇರ್ತಾನೋ, ಮತ್ತ ಬೆಂಗಳೂರಿಗೆ ಹೋಗ್ತಾನೋ, ನಾನು ಕೇಳಿಲ್ಲ. ಮಗ್ಗಲ ಮನಿ ಅಕ್ಕಗೂ ಖರೇ ಸಂಗತಿ ಹೇಳಿಬಿಟ್ಟೆ. ಆಕಿ, "ಅಯ್ಯ ಯವ್ವಾ, ಮೊದಲೇ ಹೇಳಬಾರದಾ, ನಮ್ಮ ಅಳಿಯನೂ ಮೂರು ತಿಂಗಳಿಂದ ಮನಿಯಾಗ ಅದಾನ" ಅಂದ್ಲು. ಎರಡೂ ಮನಿಯಾಗ ಸುಳ್ಳು, ನಡುವ ಒಂದೇ ಗ್ವಾಡಿ.

ಅದಕ್ಕ ನನ್ನ ವಿನಂತಿ ಇಷ್ಟೇ. "ಯಾವಾಗ ಬಂದಿ?" ಅಂತ ಕೇಳ್ರಿ, ಬಾಯಿ ತುಂಬ ಕೇಳ್ರಿ. ಯಾವಾಗ ಹೋಗೂದು ಅಂತ ಕೇಳೂದು ಬಸ್ ಸ್ಟ್ಯಾಂಡಿನ್ಯಾಗ, ಮನಿಯಾಗ ಅಲ್ಲ. ಏನರ ಕೇಳಲೇಬೇಕು ಅನಿಸಿದ್ರ "ಊಟ ಆತೇನು?" ಅಂತ ಕೇಳ್ರಿ. ಆಗಿಲ್ಲಂದ್ರ ಒಂದು ತಾಟು ಹಚ್ಚಿ ಕೊಡ್ರಿ. ಹೋಗೂದು ಇದ್ರ ಅವರೇ ಹೇಳ್ತಾರ.