ಕೆಲಸದೊಡನೆ ಕಲಿಕೆ

ಹೊಸ ಕೆಲಸಗಾರನನ್ನು ಕೆಲಸದ ಸ್ಥಳದಲ್ಲಿಯೇ ಬಲ್ಲವರು ತಿದ್ದಿ ಕಲಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯವು. ಬೆಂಗಳೂರಿನ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿರುವುದಷ್ಟೆ. ಆ ರೇಷ್ಮೆಯ ಉದ್ಯಮವೇ ಇದಕ್ಕೆ ಸಾಕ್ಷಿಯು. ಹುಳುವು 4 ಸಲ ಜ್ವರಕ್ಕೆ ಕೂತು ಪೊರೆ ಕಳಚುವುದು; ಆಗ ಸೊಪ್ಪನ್ನು ನಿಲ್ಲಿಸತಕ್ಕದ್ದು. ಎಂದು ನಿಲ್ಲಿಸಬೇಕು, ಹಣ್ಣಾದ ಹುಳುವನ್ನು ಎಂದು ಚಂದ್ರಿಕೆಗೆ ಬಿಡಬೇಕು ಎಂಬುದನ್ನು ಪುಸ್ತಕವು ಹೇಳೀತು; ಹೊಸಬನ ಕಣ್ಣನ್ನು ಪಳಗಿಸುವವನು ಪಕ್ಕದಲ್ಲಿ ನಿಂತ ಅನುಭವಸ್ಥನೇ.

ಕಛೇರಿಗೂ ಕಾರ್ಖಾನೆಗೂ ಇದೇ ನ್ಯಾಯವು ಸಲ್ಲುವುದು. 1961ರ ಅಪ್ರೆಂಟಿಸ್ ಕಾಯಿದೆಯು ಇಂಥ ತರಬೇತಿಗೆ ಆಧಾರವನ್ನೊದಗಿಸಿದೆ. ಆದರೂ ತಪ್ಪಿಗೆ ಮೆಮೊ ಕೊಡಲು ಬಿಡುವುಳ್ಳ ಮೇಲಧಿಕಾರಿಗಳಿಗೆ, ಆ ತಪ್ಪನ್ನು ತಿದ್ದಲು ಬಿಡುವಿಲ್ಲವೆಂದರೆ ಏನೆನ್ನೋಣ? ಕಲಿಸುವ ಹೊತ್ತನ್ನೂ ಕೆಲಸದ ಹೊತ್ತೆಂದೇ ಲೆಕ್ಕಕ್ಕೆ ಹಿಡಿಯಬೇಕೆಂದು ಅಧಿಕಾರಿಗಳನ್ನೂ ಮಾಲೀಕರನ್ನೂ ಒತ್ತಾಯಪಡಿಸುತ್ತೇವೆ.