‘ಉದ್ಭವ’ ನೋಡಿ ನಾವು ಯಾರನ್ನು ಕಂಡು ನಗುತ್ತೇವೆ?

ವಿಡಂಬನೆಯ ಚಿತ್ರವೊಂದನ್ನು ಹತ್ತು ಜನ ಕೂಡಿ ನೋಡಿದರೆ ಹತ್ತು ಅಭಿಪ್ರಾಯಗಳು ಬರುತ್ತವೆ. ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಹತ್ತು ಜನರೂ ನಕ್ಕಿರುತ್ತಾರೆ, ಮತ್ತು ಪ್ರತಿಯೊಬ್ಬರೂ ಪಕ್ಕದವರನ್ನು ನೆನೆದು ನಕ್ಕಿರುತ್ತಾರೆ. ಸುಧಾರಣೆಯ ಮಾತಾಡುವ ನಾವು ಯೋಚಿಸಬೇಕಾದ ಸಂಗತಿ ಇದು. ಕನ್ನಡದ ‘ಉದ್ಭವ’ ಚಿತ್ರದ ನೆಪದಲ್ಲಿ ಈ ಮಾತನ್ನು ಶರಣ ಬಂಧುಗಳ ಮುಂದಿಡುತ್ತಿದ್ದೇನೆ.

‘ಉದ್ಭವ’ ತೆರೆಗೆ ಬಂದದ್ದು 1990ರಲ್ಲಿ. ಪತ್ರಕರ್ತ ಬಿ.ವಿ. ವೈಕುಂಠರಾಜು ಅವರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಕೂಡ್ಲು ರಾಮಕೃಷ್ಣ ನಿರ್ದೇಶಿಸಿದ ಚಿತ್ರ. ಮುಖ್ಯ ಪಾತ್ರ ಅನಂತನಾಗ್ ಅವರದು. ಕಥೆಯ ತಿರುಳು ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ರಸ್ತೆಯನ್ನು ಅಗಲ ಮಾಡಬೇಕು. ಅದರಿಂದ ಕೆಲವರಿಗೆ ನಷ್ಟ, ಕೆಲವರಿಗೆ ಲಾಭ. ಇವರ ನಡುವೆ ಓಡಾಡಿ ಎಲ್ಲರ ಕೆಲಸ ಮಾಡಿಸಿಕೊಡುವ ಚತುರನೊಬ್ಬನಿದ್ದಾನೆ. ಅಷ್ಟರಲ್ಲಿ ನೆಲದಿಂದ ಗಣಪತಿ ‘ಉದ್ಭವ’ವಾಗುತ್ತಾನೆ. ಆಮೇಲೆ ಅಳತೆಯ ಟೇಪು ಹಿಡಿದವರೆಲ್ಲ ಕೈಮುಗಿದು ನಿಲ್ಲಬೇಕಾಗುತ್ತದೆ. ಇದೇ ನಿರ್ದೇಶಕರು 2022ರಲ್ಲಿ ರಂಗಾಯಣ ರಘು ಅವರನ್ನಿಟ್ಟುಕೊಂಡು ‘ಮತ್ತೆ ಉದ್ಭವ’ ಎಂಬ ಮುಂದುವರಿದ ಭಾಗವನ್ನೂ ತೆಗೆದರು. ಮೂವತ್ತೆರಡು ವರ್ಷಗಳ ನಂತರವೂ ಆ ಕಥೆಗೆ ಮುಂದುವರಿಯಲು ಜಾಗವಿತ್ತು ಎಂಬುದೇ ನಮ್ಮ ಸಮಾಜದ ಮೇಲಿನ ಒಂದು ಟೀಕೆ.

ರಾಮಮೂರ್ತಿ ನಗರದಲ್ಲಿ ನಮ್ಮದೊಂದು ಚಿಕ್ಕ ಬಳಗವಿದೆ. ಆಗೊಮ್ಮೆ ಈಗೊಮ್ಮೆ ಭಾನುವಾರ ಒಬ್ಬರ ಮನೆಯಲ್ಲಿ ಸೇರಿ ವಚನ ಚಿಂತನೆ ಮಾಡುತ್ತೇವೆ, ಪ್ರಸಾದ ಸ್ವೀಕರಿಸಿ ಹೊರಡುತ್ತೇವೆ. ಒಮ್ಮೆ ಚಿಂತನೆಯ ಬದಲು ಈ ಚಿತ್ರವನ್ನು ಕೂಡಿ ನೋಡಿದೆವು. ನಂತರ ನಡೆದ ಮಾತುಕತೆ ಚಿತ್ರಕ್ಕಿಂತ ಉದ್ದವಾಯಿತು.

ಸರ್ಕಾರಿ ಸೇವೆಯಿಂದ ನಿವೃತ್ತರಾದ ಹಿರಿಯರೊಬ್ಬರ ಪ್ರಕಾರ ಇದು ದೇವರ ಚಿತ್ರವೇ ಅಲ್ಲ, ಲಂಚದ ಚಿತ್ರ. “ಗಣಪತಿಯ ಜಾಗದಲ್ಲಿ ಒಂದು ಕೋರ್ಟ್ ತಡೆಯಾಜ್ಞೆ ಇಟ್ಟರೂ ಕಥೆ ನಡೆಯುತ್ತದೆ. ಕಡತ ಹೇಗೆ ಓಡುತ್ತದೆ, ಹೇಗೆ ನಿಲ್ಲುತ್ತದೆ ಎಂಬುದೇ ಇಲ್ಲಿನ ವಿಷಯ” ಎಂದರು.

ಸಾಫ್ಟ್‌ವೇರ್ ಕೆಲಸದಲ್ಲಿರುವ ಯುವಕನಿಗೆ ಚಿತ್ರ ನಿಧಾನ ಅನ್ನಿಸಿತು. ಅವನು ‘ಪಿಕೆ’ ನೋಡಿ ಬೆಳೆದವನು. 2014ರ ಆ ಹಿಂದಿ ಚಿತ್ರದಲ್ಲಿ ನಾಯಕ ಕಾಲೇಜಿನ ಮುಂದೆ ಒಂದು ಕಲ್ಲಿಟ್ಟು, ಕೆಂಪು ಹಚ್ಚಿ, ನಾಲ್ಕು ಕಾಸು ಹಾಕುತ್ತಾನೆ. ಪರೀಕ್ಷೆಗೆ ಹೊರಟ ಹುಡುಗರು ಸಾಲಾಗಿ ಅಡ್ಡಬೀಳುತ್ತಾರೆ. “ಅಲ್ಲಿ ಐದು ನಿಮಿಷದಲ್ಲಿ ಹೇಳಿದ್ದನ್ನು ಇಲ್ಲಿ ಎರಡು ಗಂಟೆ ಹೇಳಿದ್ದಾರೆ” ಎಂಬುದು ಅವನ ದೂರು.

ವಿಚಾರವಾದಿ ಎಂದೇ ಹೆಸರಾದ ಇನ್ನೊಬ್ಬರದು ಬೇರೆಯೇ ಆಕ್ಷೇಪ. “ಅನಂತನಾಗ್ ಎಷ್ಟು ಚೆನ್ನಾಗಿ ಅಭಿನಯಿಸಿದ್ದಾರೆಂದರೆ, ಮೋಸಗಾರನ ಮೇಲೆ ಸಿಟ್ಟು ಬರುವುದೇ ಇಲ್ಲ. ಅವನ ಜಾಣತನಕ್ಕೆ ನಾವೇ ಚಪ್ಪಾಳೆ ತಟ್ಟುತ್ತೇವೆ. ನಗಿಸಿದ ಮೇಲೆ ಯಾರು ಬದಲಾಗುತ್ತಾರೆ?”

ಬಳಗದ ತಾಯಿಯೊಬ್ಬರು ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಹೇಳಿದರು: “ವಿಗ್ರಹ ಹೂತವನನ್ನು ನೋಡಿ ನೀವು ನಗಲಿಲ್ಲ. ಅದರ ಮುಂದೆ ಕೈಮುಗಿದ ಹೆಂಗಸನ್ನು ನೋಡಿ ನಕ್ಕಿರಿ. ಅವಳ ಮನೆಯಲ್ಲಿ ಏನು ಕಷ್ಟವಿತ್ತೋ ಯಾರಿಗೆ ಗೊತ್ತು?”

ಎಲ್ಲರೂ ಒಪ್ಪಿದ ಮಾತು ಮಾತ್ರ ಇನ್ನೊಂದು. “ಏನೇ ಆಗಲಿ, ಇದು ನಮ್ಮ ಕಥೆಯಲ್ಲ. ನಾವು ಇಷ್ಟಲಿಂಗದವರು. ಕಲ್ಲು ಉದ್ಭವವಾದರೆ ನಮಗೇನು?” ಎಂದರೊಬ್ಬರು. ಎಲ್ಲರ ತಲೆಯೂ ಆಡಿತು. ಈ ಲೇಖನ ಆ ಮಾತಿಗೆ ಉತ್ತರ.

ಮೊದಲು ಉಳಿದ ಅಭಿಪ್ರಾಯಗಳನ್ನು ನೋಡೋಣ. ಲಂಚದ ಚಿತ್ರ ಎಂದ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ತಡೆಯಾಜ್ಞೆಗೂ ಉದ್ಭವ ಗಣಪತಿಗೂ ಒಂದು ವ್ಯತ್ಯಾಸವುಂಟು. ತಡೆಯಾಜ್ಞೆಯನ್ನು ಪ್ರಶ್ನಿಸಬಹುದು, ಮೇಲ್ಮನವಿ ಹಾಕಬಹುದು. ಉದ್ಭವವಾದ ದೇವರ ಮೇಲೆ ಮೇಲ್ಮನವಿ ಯಾವ ನ್ಯಾಯಾಲಯದಲ್ಲಿ? ಪ್ರಶ್ನಿಸಿದವನು ತಕ್ಷಣ ಧರ್ಮದ್ರೋಹಿಯಾಗುತ್ತಾನೆ. ದಳ್ಳಾಳಿಗೆ ಬೇಕಾದದ್ದು ದೇವರಲ್ಲ, ಪ್ರಶ್ನೆ ಕೇಳಲಾಗದ ಒಂದು ಜಾಗ. ಅದನ್ನು ಅವನಿಗೆ ಒದಗಿಸುವುದು ನಮ್ಮ ಭಯ.

ಐದು ನಿಮಿಷದಲ್ಲಿ ಹೇಳಬಹುದಿತ್ತು ಎಂಬ ಯುವಕನ ಮಾತಿಗೆ ಇತಿಹಾಸವೇ ಉತ್ತರ ಕೊಟ್ಟಿದೆ. ಚಿತ್ರ ಬಂದು ಐದು ವರ್ಷಗಳಾಗಿದ್ದವು. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ದೇಶವಿಡೀ ಹಬ್ಬಿತು. ಮೊಬೈಲ್ ಮನೆಮನೆಗೆ ಬಾರದ ಆ ಕಾಲದಲ್ಲೂ ಒಂದೇ ದಿನದಲ್ಲಿ ಅದು ಕಡಲಾಚೆಗೂ ಹೋಯಿತು. ಬೆಂಗಳೂರಿನಲ್ಲೂ ಜನ ಚಮಚ, ಲೋಟ ಹಿಡಿದು ಸಾಲುಗಟ್ಟಿದರು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ತೋರಿಸಿದರು: ಚಮಚದ ಅಂಚಿನಿಂದ ಹಾಲು ಒದ್ದೆಯಾದ ಕಲ್ಲಿನ ಮೈಮೇಲೆ ತೆಳ್ಳಗೆ ಹರಿದು ಕೆಳಗಿಳಿಯುತ್ತದೆ, ಅಷ್ಟೇ. ಅದಕ್ಕೂ ಬಹಳ ಮುಂಚೆ, 1976ರಲ್ಲೇ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದ್ದರು. ನೆಲದಲ್ಲಿ ಕಾಳಿನ ಮೂಟೆ ಹೂತು, ಮೇಲೆ ವಿಗ್ರಹವಿಟ್ಟು, ನೀರು ಹೊಯ್ದರೆ ಕಾಳು ನೆನೆದು ಉಬ್ಬಿ ವಿಗ್ರಹವನ್ನು ಮೇಲೆತ್ತುತ್ತದೆ ಎಂಬುದನ್ನು ವಿಚಾರವಾದಿಗಳು ಎಷ್ಟೋ ಬಾರಿ ವಿವರಿಸಿದ್ದಾರೆ. ತಂತ್ರ ಗೊತ್ತಾದರೂ ಉದ್ಭವ ನಿಲ್ಲಲಿಲ್ಲ. ಅದರ ಹಿಂದಿರುವ ಅಗತ್ಯ ಹಾಗೇ ಉಳಿದಿದೆ. ಆ ಅಗತ್ಯವನ್ನು ಎರಡು ಗಂಟೆ ಬಿಡಿಸಿ ತೋರಿಸುವುದರಿಂದಲೇ ‘ಉದ್ಭವ’ ದೊಡ್ಡ ಚಿತ್ರ.

ನಗಿಸಿದರೆ ಯಾರು ಬದಲಾಗುತ್ತಾರೆ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಇದಕ್ಕೆ ಶರಣ ಪರಂಪರೆಯಲ್ಲೇ ಉತ್ತರವಿದೆ. ಕಲ್ಲಿನ ಹಾವಿಗೆ ಭಕ್ತಿ, ಜೀವಂತ ಹಾವಿಗೆ ಹೊಡೆತ ಎಂಬ ವಿಪರ್ಯಾಸವನ್ನು ಬಸವಣ್ಣನವರು ತೋರಿಸಿಕೊಟ್ಟದ್ದು ವಿಡಂಬನೆಯ ಮೂಲಕವೇ. ಅಂಬಿಗರ ಚೌಡಯ್ಯನವರ ಮಾತಿನ ಏಟು ಇಂದಿಗೂ ಬಿಸಿಯಾಗಿದೆ. ಆ ವಿಡಂಬನೆ ವ್ಯರ್ಥವಾಗಲಿಲ್ಲ. ನಾಗರಪಂಚಮಿಯಂದು ಹುತ್ತಕ್ಕೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಕಾರ್ಯಕ್ರಮ ಇಂದು ನಮ್ಮ ಅನೇಕ ಊರುಗಳಲ್ಲಿ ನಡೆಯುತ್ತಿದೆ. ಎಂಟು ನೂರು ವರ್ಷಗಳ ಹಿಂದಿನ ಒಂದು ವ್ಯಂಗ್ಯ ಇಂದಿನ ಮಗುವಿನ ಕೈಯಲ್ಲಿ ಹಾಲಿನ ಲೋಟವಾಗಿದೆ.

ಆದರೆ ಶರಣರ ವಿಡಂಬನೆಗೂ ನಮ್ಮ ನಗೆಗೂ ಒಂದು ಅಂತರವಿದೆ. ಬಸವಣ್ಣನವರ ಎಷ್ಟೋ ವಚನಗಳಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲುವವರು ಅವರೇ. ತಮ್ಮ ಮನಸ್ಸನ್ನು, ತಮ್ಮ ಭಕ್ತಿಯ ತೋರಿಕೆಯನ್ನು ಅವರು ಮೊದಲು ಒರೆಗೆ ಹಚ್ಚುತ್ತಾರೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗವನ್ನು ನೆನೆಯಿರಿ. ಸಿದ್ಧರಾಮರು ಅಲ್ಲಿ ಕೆರೆ ತೋಡಿಸುತ್ತಿದ್ದರು, ಗುಡಿ ಕಟ್ಟಿಸಿದ್ದರು. ಅವರು ಮೋಸಗಾರರಲ್ಲ, ಜನೋಪಕಾರಿಗಳು. ಆದರೂ ಅಲ್ಲಮರು ಅವರನ್ನು ಕೆಣಕಿ ಮಾತಾಡಿದರು. ಸಿದ್ಧರಾಮರಿಗೆ ಮೊದಲು ಬಂದದ್ದು ಕೋಪ. ಆ ಕೋಪವನ್ನು ದಾಟಿದ ಮೇಲೆಯೇ ಅವರು ಕಲ್ಯಾಣದ ಹಾದಿ ಹಿಡಿದದ್ದು. ವಿಡಂಬನೆ ನಮಗೆ ತಾಗಿದೆಯೇ ಎಂದು ತಿಳಿಯುವ ಗುರುತು ಇದು: ಅದು ಮೊದಲು ಚುಚ್ಚಬೇಕು. ಚುಚ್ಚದೆ ಬರೀ ನಗಿಸಿದರೆ ಅದು ಬೇರೆಯವರಿಗೆ ತಾಗಿದೆ ಎಂದರ್ಥ.

ಹಾಗಾದರೆ ‘ಇದು ನಮ್ಮ ಕಥೆಯಲ್ಲ’ ಎಂಬ ಮಾತಿಗೆ ಬರೋಣ.

ನಮ್ಮ ಬಡಾವಣೆಯ ಸ್ಥಿತಿ ಎಲ್ಲರೂ ಬಲ್ಲದ್ದೇ. ಹೊರವರ್ತುಲ ರಸ್ತೆಯ ಪಕ್ಕದ ಈ ಭಾಗವೆಲ್ಲ ಹಿಂದೆ ಹಳ್ಳಿ, ತೋಟ, ಹೊಲ. ಕಲ್ಕೆರೆ, ಹೊರಮಾವು, ಕೌದೇನಹಳ್ಳಿಗಳ ನೆಲವೆಲ್ಲ ನಿವೇಶನಗಳಾದವು. ಎತ್ತಿನ ಗಾಡಿಯ ದಾರಿಗಳೇ ಇಂದು ನೀರಿನ ಟ್ಯಾಂಕರ್, ಶಾಲಾ ಬಸ್ಸು ಓಡಾಡುವ ರಸ್ತೆಗಳು. ಪಾದಚಾರಿ ಮಾರ್ಗವೆಂಬುದು ಇದ್ದಲ್ಲಿ ಇದೆ, ಇಲ್ಲದಲ್ಲಿ ಇಲ್ಲ. ಇಂಥ ಕಡೆ ಒಂದೊಂದು ಅಡಿ ಸಾರ್ವಜನಿಕ ಜಾಗಕ್ಕೂ ಬೆಲೆಯಿದೆ. ಅದನ್ನು ಉಳಿಸಿಕೊಳ್ಳಲು ದೇವರಿಗಿಂತ ಅಗ್ಗದ ಬೇಲಿ ಇನ್ನೊಂದಿಲ್ಲ ಎಂಬುದು ಎಲ್ಲ ಧರ್ಮದವರಿಗೂ ಗೊತ್ತು.

ಈಗ ನಮ್ಮವರಲ್ಲೇ ಕೆಲವರು ಉದ್ಯಾನದ ಮೂಲೆಯಲ್ಲಿ, ಜನ ನಡೆದಾಡುವ ಜಾಗದಲ್ಲಿ, ಬಸವಣ್ಣನವರ ಪ್ರತಿಮೆಗೆ ಮಂಟಪ ಕಟ್ಟಬೇಕೆಂದು ಹೊರಟಿದ್ದಾರೆ. ಅನುಮತಿ ಕೇಳಿದರೆ ತಡವಾಗುತ್ತದೆ, ಆದ್ದರಿಂದ “ಮೊದಲು ಇಟ್ಟುಬಿಡೋಣ, ಆಮೇಲೆ ಯಾರು ತೆಗೆಯುತ್ತಾರೆ ನೋಡೋಣ” ಎಂಬುದು ಅವರ ವಾದ. “ಬೇರೆಯವರು ಇಟ್ಟಿಲ್ಲವೇ? ನಾವು ಇಟ್ಟರೆ ಮಾತ್ರ ತಪ್ಪೇ?” ಎಂಬುದು ಇನ್ನೊಂದು ವಾದ. ಇವರಲ್ಲಿ ಕೆಲವರು ಚಿತ್ರ ನೋಡಿ ನಮ್ಮ ಜೊತೆಯೇ ನಕ್ಕವರು. ಅವರ ಪ್ರೀತಿಯನ್ನು ನಾನು ಸಂದೇಹಿಸುವುದಿಲ್ಲ. ಕೇಳುವುದು ಇಷ್ಟೇ: ‘ಯಾರು ತೆಗೆಯುತ್ತಾರೆ ನೋಡೋಣ’ ಎಂಬ ಮಾತಿಗೂ ಚಿತ್ರದ ದಳ್ಳಾಳಿಯ ಲೆಕ್ಕಾಚಾರಕ್ಕೂ ಏನು ವ್ಯತ್ಯಾಸ? ಅವನು ಗಣಪತಿಯನ್ನು ಹೂತ, ನಾವು ಬಸವಣ್ಣನವರನ್ನು ನಿಲ್ಲಿಸುತ್ತೇವೆ. ಎರಡೂ ಕಡೆ ಕೆಲಸ ಮಾಡುವುದು ಪ್ರಶ್ನಿಸಲು ಹೆದರುವ ಜನರ ಭಯವೇ.

ಕಾನೂನಿನ ಮಾತೂ ಇದೆ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ದೇವಾಲಯ, ಮಸೀದಿ, ಚರ್ಚು, ಗುರುದ್ವಾರ ಯಾವುದನ್ನೂ ಹೊಸದಾಗಿ ಅನಧಿಕೃತವಾಗಿ ಕಟ್ಟಲು ಬಿಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿತು. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮ ದೇವಸ್ಥಾನವನ್ನು ಕೆಡವಿದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಅದೇ ತಿಂಗಳು ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ಮಸೂದೆಯನ್ನು ಅಂಗೀಕರಿಸಿತು. ಅದು ರಕ್ಷಣೆ ಕೊಡುವುದು ಆಗಲೇ ಇದ್ದ ಕಟ್ಟಡಗಳಿಗೆ, ಮುಂದೆ ರಾತ್ರೋರಾತ್ರಿ ಏಳುವವುಗಳಿಗಲ್ಲ. ಆದರೆ ನನ್ನ ಆಕ್ಷೇಪ ಕಾನೂನಿನದಷ್ಟೇ ಅಲ್ಲ. ನಾಳೆ ಅನುಮತಿ ಸಿಕ್ಕರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ಸಾರಿದ ಗುರುವನ್ನು, ನಡೆದಾಡುವವರ ದಾರಿಗೆ ಅಡ್ಡವಾಗಿ ಸ್ಥಾವರ ಮಾಡಿ ನಿಲ್ಲಿಸುವುದು ಯಾವ ಗೌರವ? ಪ್ರತಿಮೆ ಬಂದ ಮೇಲೆ ಹಾರ ಬರುತ್ತದೆ, ಹುಂಡಿ ಬರುತ್ತದೆ, ಸಮಿತಿ ಬರುತ್ತದೆ, ಸಮಿತಿಯಲ್ಲಿ ಜಗಳ ಬರುತ್ತದೆ. ಚುನಾವಣೆ ಹತ್ತಿರವಾದಾಗ ಫ್ಲೆಕ್ಸ್ ಬರುತ್ತದೆ. ಗಾಲಿಕುರ್ಚಿಯ ವೃದ್ಧರು, ಶಾಲೆಯ ಮಕ್ಕಳು ರಸ್ತೆಗಿಳಿದು ನಡೆಯುತ್ತಾರೆ.

ಪ್ರತಿಮೆ ಪ್ರೇರಣೆಯಲ್ಲವೇ ಎಂದು ಕೇಳುವವರಿದ್ದಾರೆ. ಆಗಬಹುದು. ಅನುಮತಿ ಪಡೆದ, ಯಾರ ದಾರಿಗೂ ಅಡ್ಡಿಯಾಗದ ಜಾಗದಲ್ಲಿ ಒಂದು ಪ್ರತಿಮೆಯ ಮುಂದೆ ನಿಂತು ಮಗುವೊಂದು ‘ಇವರು ಯಾರು?’ ಎಂದು ಕೇಳಿದರೆ ಸಂತೋಷವೇ. ಆದರೆ ಆ ಪ್ರಶ್ನೆಗೆ ಉತ್ತರ ಹೇಳಲು ಅಲ್ಲಿ ಒಬ್ಬರು ಬೇಕಲ್ಲ! ಮಂಟಪಕ್ಕೆ ಸಂಗ್ರಹಿಸುವ ಹಣದಲ್ಲಿ ಅದೇ ಉದ್ಯಾನದ ಪಕ್ಕದ ಯಾವುದಾದರೂ ಮನೆಯ ಕೋಣೆಯಲ್ಲಿ ಸಂಜೆಯ ಓದಿನ ಮನೆ ನಡೆಸಬಹುದು. ಕಟ್ಟಡದ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದವರ ಮಕ್ಕಳಿಗೆ ಅಲ್ಲಿ ಕನ್ನಡ, ಗಣಿತ ಹೇಳಿಕೊಡಬಹುದು. ಅದಕ್ಕೆ ಬಸವಣ್ಣನವರ ಹೆಸರಿಡಿ, ಯಾರೂ ಬೇಡವೆನ್ನುವುದಿಲ್ಲ. ಅಂಥ ದಾಸೋಹವನ್ನು ತೆರವುಗೊಳಿಸಲು ಯಾವ ಜೆಸಿಬಿಯೂ ಬರುವುದಿಲ್ಲ.

ಇನ್ನು ಆ ತಾಯಿಯ ಮಾತು. ನಮ್ಮಲ್ಲಿ ಯಾರೂ ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ. ಕೈಮುಗಿದ ಹೆಂಗಸನ್ನು ಮೂಢಳೆಂದು ನಗುವುದು ಸುಲಭ. ಆಸ್ಪತ್ರೆಯ ಬಿಲ್ಲು, ಕುಡಿಯುವ ಗಂಡ, ಕೆಲಸ ಸಿಗದ ಮಗ, ಇವುಗಳ ನಡುವೆ ಅವಳು ಎಲ್ಲಿಗೆ ಹೋಗಬೇಕಿತ್ತು? ಶರಣರು ಮೂಢನಂಬಿಕೆಯನ್ನು ಬಿಡಿಸಿದ್ದು ಬರೀ ವ್ಯಂಗ್ಯದಿಂದಲ್ಲ. ಬಿಟ್ಟು ಬಂದವರಿಗೆ ಅಂಗೈಯಲ್ಲಿ ಇಷ್ಟಲಿಂಗ ಕೊಟ್ಟರು, ಕೂರಲು ಅನುಭವ ಮಂಟಪದಲ್ಲಿ ಜಾಗ ಕೊಟ್ಟರು, ಉಣ್ಣಲು ದಾಸೋಹ ಕೊಟ್ಟರು, ದುಡಿಮೆಗೆ ಕಾಯಕವೆಂಬ ಮರ್ಯಾದೆ ಕೊಟ್ಟರು. ಅವಳ ಕಷ್ಟ ಕೇಳುವ ಮನೆ ನಮ್ಮ ಬೀದಿಯಲ್ಲಿ ಇಲ್ಲದಿದ್ದರೆ, ಅವಳು ಉದ್ಭವ ಗಣಪತಿಯ ಬಳಿಗೆ ಹೋದದ್ದಕ್ಕೆ ನಾವೂ ಹೊಣೆಗಾರರು. ನಗೆ ಮೇಲಕ್ಕೆ ಹೋಗಬೇಕು, ಮೂಟೆ ಹೂತವನ ಕಡೆಗೆ, ಕಡತಕ್ಕೆ ಸಹಿ ಹಾಕಿದವನ ಕಡೆಗೆ, ಲಾಭದಲ್ಲಿ ಪಾಲು ಪಡೆದವನ ಕಡೆಗೆ. ಕೆಳಗೆ ಹೋದರೆ ಅದು ವಿಡಂಬನೆಯಲ್ಲ, ಬಡವರ ಅವಮಾನ.

ಹೀಗಾಗಿ ನನ್ನ ಸಲಹೆ ಇಷ್ಟು. ನಮ್ಮ ಮಠಗಳ, ಬಳಗಗಳ ಕಾರ್ಯಕ್ರಮಗಳಲ್ಲಿ ವರ್ಷಕ್ಕೊಮ್ಮೆಯಾದರೂ ಇಂಥ ಚಿತ್ರವನ್ನು ಕೂಡಿ ನೋಡಿ. ‘ಉದ್ಭವ’ ಇರಲಿ, ಸತ್ಯಜಿತ್ ರೇ ಅವರು 1965ರಲ್ಲಿ ಕಪಟ ಸ್ವಾಮಿಯೊಬ್ಬನನ್ನು ಕುರಿತು ತೆಗೆದ ಬಂಗಾಳಿಯ ‘ಮಹಾಪುರುಷ’ ಇರಲಿ. ಆದರೆ ನೋಡಿದ ಮೇಲೆ ‘ಚೆನ್ನಾಗಿತ್ತೇ, ಇಲ್ಲವೇ’ ಎಂದು ಕೇಳಬೇಡಿ. ‘ಇದರಲ್ಲಿ ನಾನು ಯಾರು?’ ಎಂದು ಒಬ್ಬೊಬ್ಬರೂ ಹೇಳುವಂತೆ ಮಾಡಿ. ದಳ್ಳಾಳಿಯೇ, ಅಧಿಕಾರಿಯೇ, ಲಾಭ ಪಡೆದು ಸುಮ್ಮನಿದ್ದ ನೆರೆಯವನೇ, ಕೈಮುಗಿದವಳೇ? ಬಸವಾದಿ ಶರಣರ ಹೆಸರು ಹೇಳುವವರು ಈ ಪ್ರಶ್ನೆಗೆ ಹೆದರಬೇಕಾಗಿಲ್ಲ.

ಉದ್ಯಾನದ ಆ ಮೂಲೆ ಇನ್ನೂ ಖಾಲಿ ಇದೆ. ಸಂಜೆ ಅಲ್ಲಿ ಹಿರಿಯರು ಕೂರುತ್ತಾರೆ, ಮಕ್ಕಳು ಓಡುತ್ತಾರೆ. ಅದನ್ನು ಹಾಗೆಯೇ ಬಿಡುವಂತೆ ಬಳಗದ ಮುಂದಿನ ಸಭೆಯಲ್ಲಿ ನಾನು ಕೇಳಲಿದ್ದೇನೆ. ಒಪ್ಪದವರು ಬಂದು ವಾದಿಸಲಿ. ವಾದಿಸುವುದಕ್ಕೆಂದೇ ಅಲ್ಲವೇ ಶರಣರು ಮಂಟಪ ಕಟ್ಟಿದ್ದು?